ದುಬಾರಿ ಹೊಸ ಲ್ಯಾಪ್‌ಟಾಪ್ ಮೇಲಿಂದ ಮೇಲೆ ಬಂದ್ ಬೀಳುತ್ತಿದ್ದರೆ ಏನು ಮಾಡಬೇಕು?

ತೊಗರಿ ಮಾರಿದ ಹಣದಲ್ಲಿ ನನ್ನ ಅಕ್ಕ ತನ್ನ ಮಗಳ ಇಂಜಿನಿಯರಿಂಗ್ ಓದಿಗೆಂದು ₹1,18,000 ಕೊಟ್ಟು ಲ್ಯಾಪ್‌ಟಾಪ್ ಕೊಡಿಸಿದ್ದಳು. ಮೂರನೆಯ ವಾರದಲ್ಲಿ ಒಂದು ರಾತ್ರಿ ಕಲಬುರಗಿಯ ಬಾಡಿಗೆ ಕೋಣೆಯಿಂದ ಆ ಹುಡುಗಿಯ ಫೋನ್ ಬಂತು: “ಮಾಮಾ, ಮತ್ತ ಬಂದ್ ಬಿತ್ರಿ. ನಾ ಏನೂ ಮಾಡಿಲ್ಲ, ಸುಮ್ನ ಓದ್ಲಾಕತ್ತಿದ್ದೆ.” ಕೇಳಿದಾಗ ತಿಳಿದದ್ದು, ಅದು ಆರನೆಯ ಸಲ. ಮೊದಲ ಐದು ಸಲ ತನ್ನಿಂದಲೇ ಏನೋ ತಪ್ಪಾಗಿರಬೇಕೆಂದು ಹೆದರಿ ಅವಳು ಮನೆಯವರಿಗೆ ಹೇಳಿರಲೇ ಇಲ್ಲ. ನೀಲಿ ಪರದೆಯ ಮೇಲೆ ಏನು ಬರೆದಿತ್ತು ಎಂದರೆ ನೆನಪಿರಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಚಾರ್ಜರ್ ಹಚ್ಚಿತ್ತೋ ಇಲ್ಲವೋ ಎಂಬುದಕ್ಕೂ ಉತ್ತರವಿರಲಿಲ್ಲ.

ಕಂಪ್ಯೂಟರ್ ಕಲಿಸುವ ಕೆಲಸದಲ್ಲಿರುವ ನನ್ನ ಬಳಿಗೆ ಇಂತಹ ತೊಂದರೆ ಹೊತ್ತು ಬರುವವರಿಗೆ ನಾನು ಮೊದಲು ಹೇಳುವುದು ರಿಪೇರಿಯ ಮಾತಲ್ಲ, ಬರೆದಿಡುವ ಮಾತು. ಹೊಸ ಯಂತ್ರ ಮತ್ತೆ ಮತ್ತೆ ನಿಲ್ಲುವುದಕ್ಕೆ ಕಾರಣಗಳು ಹತ್ತಾರು ಇರುತ್ತವೆ: ಹೊಂದದ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್), ಹಳೆಯ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್), ದೋಷವಿರುವ ತಾತ್ಕಾಲಿಕ ಮೆಮೊರಿ ಅಂದರೆ ರ‍್ಯಾಮ್, ಕಾವು, ಕರೆಂಟು, ಅಂಗಡಿಯಲ್ಲಿ ಸೇರಿಸಿಕೊಟ್ಟ ಬಿಡಿಭಾಗ. ಹೊರನೋಟಕ್ಕೆ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ. ಯಾವಾಗ ನಿಂತಿತು, ಏನು ಮಾಡುವಾಗ ನಿಂತಿತು, ಪರದೆಯ ಮೇಲೆ ಏನು ಕಂಡಿತು ಎಂಬ ವಿವರಗಳಿಂದಲೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಸಾಧ್ಯ. ಅದೇ ವಿವರ ಮುಂದೆ ಸರ್ವಿಸ್ ಸೆಂಟರಿನಲ್ಲಿಯೂ, ಅಗತ್ಯ ಬಿದ್ದರೆ ಗ್ರಾಹಕ ಆಯೋಗದಲ್ಲಿಯೂ ನಿಮ್ಮ ಕೈಯಲ್ಲಿರುವ ಸಾಕ್ಷಿಯಾಗುತ್ತದೆ. ಇಲ್ಲಿನ ಹಂತಗಳು ಹೆಚ್ಚಾಗಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಿಗೆ ಸಂಬಂಧಿಸಿದವು. ಮ್ಯಾಕ್‌ಬುಕ್ ಇರುವವರಿಗೆ ಬೇಕಾದಷ್ಟನ್ನು ನಡುವೆ ಹೇಳಿದ್ದೇನೆ.

ಮೊದಲು ಬಿಲ್, ಆಮೇಲೆ ಕಡತಗಳು

ಯಂತ್ರ ಎರಡನೆಯ ಸಲ ನಿಂತ ದಿನವೇ ಬಿಲ್ ತೆಗೆದು ತಾರೀಖು ನೋಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬದಲಿ ಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳದ್ದಾಗಿದ್ದು, ಆರ್ಡರಿನ ಪುಟದಲ್ಲಿಯೇ ಅದನ್ನು ನಮೂದಿಸಿರುತ್ತಾರೆ. ಅವಧಿ ಇನ್ನೂ ಉಳಿದಿದ್ದರೆ ಈ ಲೇಖನದ ಪರೀಕ್ಷೆಗಳನ್ನೆಲ್ಲ ಮಾಡುತ್ತ ಕೂರಬೇಡಿ. ದೋಷದ ಫೋಟೋ ಸಮೇತ ಬದಲಿಗೆ ಅರ್ಜಿ ಹಾಕಿ. “ಒಂದು ಅಪ್‌ಡೇಟ್ ಬಂದರೆ ಸರಿಹೋಗುತ್ತದೆ, ಹತ್ತು ದಿನ ನೋಡಿ” ಎಂಬ ಸಲಹೆ ಪ್ರಾಮಾಣಿಕವಾಗಿಯೇ ಇರಬಹುದು, ಆದರೆ ಆ ಹತ್ತು ದಿನಗಳಲ್ಲಿ ಬದಲಿಯ ಅವಧಿ ಮುಗಿದು ಹೋಗುತ್ತದೆ. ಬಳಿಕ ತಯಾರಕರ ವೆಬ್‌ಸೈಟಿನಲ್ಲಿ ಲ್ಯಾಪ್‌ಟಾಪ್‌ನ ತಳದಲ್ಲಿರುವ ಸೀರಿಯಲ್ ಸಂಖ್ಯೆಯನ್ನು ಹಾಕಿ, ವಾರಂಟಿ ಯಾವ ದಿನದಿಂದ ಆರಂಭವಾಗಿದೆ, ಮನೆಗೆ ಬಂದು ರಿಪೇರಿ ಮಾಡುವ ಸೌಲಭ್ಯ ನಿಮ್ಮ ಪಿನ್‌ಕೋಡಿಗೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕೆಲವು ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರ್ ಊರಿನಲ್ಲಿ ಇಲ್ಲದಿದ್ದರೆ ಬೀದರಿನವರು ಹೈದರಾಬಾದಿಗೂ, ಕಲಬುರಗಿಯವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಾಡಬೇಕಾಗುತ್ತದೆ, ಪ್ರತಿ ಸಲವೂ ಒಂದು ದಿನದ ಕೆಲಸ ಹಾಳಾಗುತ್ತದೆ.

ಇನ್ನು ಕಡತಗಳು. ಮೇಲಿಂದ ಮೇಲೆ ನಿಲ್ಲುವ ಯಂತ್ರದಲ್ಲಿ ಕಡತ ಯಾವಾಗ ಕೆಡುತ್ತದೆಂದು ಹೇಳಲು ಬಾರದು. ಸರ್ವಿಸ್ ಸೆಂಟರಿನವರಂತೂ ಬಹುಪಾಲು ಮೊದಲು ಮಾಡುವ ಕೆಲಸವೇ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಆದ್ದರಿಂದ ಪ್ರಾಜೆಕ್ಟ್ ವರದಿ, ಫೋಟೋ, ಲೆಕ್ಕಪತ್ರ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಬೇರೆ ಕಡೆ ಇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಅವುಗಳಿಗೆ ಬೇಕಾದ ಫಾಂಟುಗಳನ್ನೂ ಜೊತೆಗೇ ನಕಲಿಸಿಕೊಳ್ಳಿ.

ಇದರೊಟ್ಟಿಗೆ ಹಲವರು ಮರೆಯುವ ಇನ್ನೊಂದು ಕೆಲಸವಿದೆ. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಸಾಮಾನ್ಯವಾಗಿ ವಿಂಡೋಸ್‌ನದೇ ಬೀಗದ ವ್ಯವಸ್ಥೆಯಾದ ಬಿಟ್‌ಲಾಕರ್‌ನಿಂದ ಗೂಢಲಿಪಿಗೊಂಡಿರುತ್ತದೆ, ನೀವು ಕೇಳದಿದ್ದರೂ. ಬಯೋಸ್ ಅಪ್‌ಡೇಟ್ ಆದ ಮೇಲೆ ಅಥವಾ ಮದರ್‌ಬೋರ್ಡ್ (ಭಾಗಗಳೆಲ್ಲ ಕೂಡುವ ಮುಖ್ಯ ಫಲಕ) ಬದಲಾದ ಮೇಲೆ ಯಂತ್ರವು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿದ್ದದ್ದು ಯಾರಿಗೂ ಸಿಗದು. ನೀವು ಲಾಗಿನ್ ಆಗಿರುವ ಮೈಕ್ರೋಸಾಫ್ಟ್ ಖಾತೆಯಲ್ಲಿ, ಸಾಧನಗಳ ವಿಭಾಗದಲ್ಲಿ, ಆ ಕೀಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಹಂತಕ್ಕೆ ಕೈ ಹಾಕಿ.

ಪ್ರತಿ ಸಲದ ಲೆಕ್ಕ ಬರೆಯಿರಿ

ಒಂದು ಸಾಮಾನ್ಯ ನೋಟ್‌ಬುಕ್ ಸಾಕು. ನನ್ನ ಸೊಸೆ, ಅಂದರೆ ಅಕ್ಕನ ಆ ಮಗಳು, ಒಂದು ಹಳೆಯ ಲ್ಯಾಬ್ ರೆಕಾರ್ಡಿನ ಕೊನೆಯ ಹಾಳೆಗಳಲ್ಲಿ ಗೆರೆ ಹಾಕಿಕೊಂಡಳು: ತಾರೀಖು, ಸಮಯ, ತೆರೆದಿದ್ದ ಪ್ರೋಗ್ರಾಮುಗಳು, ಚಾರ್ಜರ್ ಇತ್ತೇ, ಯಂತ್ರ ಬಿಸಿಯಾಗಿತ್ತೇ, ಪರದೆಯ ಮೇಲಿನ ಬರಹ. ನಿಂತ ರೀತಿಯನ್ನೂ ಬರೆಯಬೇಕು, ಏಕೆಂದರೆ ಎಲ್ಲ ನಿಲುಗಡೆಗಳೂ ಒಂದೇ ಅಲ್ಲ. ಒಂದು ಪ್ರೋಗ್ರಾಮ್ ಮಾತ್ರ ಮುಚ್ಚಿಹೋಗಿ ಉಳಿದವು ನಡೆಯುತ್ತಿದ್ದರೆ ದೋಷ ಬಹುತೇಕ ಆ ಪ್ರೋಗ್ರಾಮಿನದು. ಪರದೆ ಇದ್ದಂತೆಯೇ ನಿಂತು ಮೌಸ್ ಕೂಡ ಅಲುಗಾಡದಿದ್ದರೆ ಗ್ರಾಫಿಕ್ಸ್ ಡ್ರೈವರ್, ಡಿಸ್ಕ್ ಅಥವಾ ರ‍್ಯಾಮ್ ಮೇಲೆ ಗಮನ ಹರಿಸಬೇಕು. ದೋಷದ ಪರದೆ ಬಂದು ತಾನಾಗಿ ಮತ್ತೆ ಶುರುವಾದರೆ ವಿಂಡೋಸ್ ತನಗೆ ತಿಳಿದಷ್ಟನ್ನು ಬರೆದಿಟ್ಟಿರುತ್ತದೆ. ಯಾವ ಸೂಚನೆಯೂ ಇಲ್ಲದೆ ದೀಪ ಆರಿದಂತೆ ಯಂತ್ರ ಆರಿದರೆ ಕಾವು, ಬ್ಯಾಟರಿ, ಚಾರ್ಜರ್ ಅಥವಾ ಬೋರ್ಡ್ ಕಡೆಗೆ ನೋಡಬೇಕು.

ದೋಷದ ಪರದೆ ವರ್ಷಗಳಿಂದ ನೀಲಿಯಾಗಿತ್ತು. 2025ರಿಂದ ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಕಪ್ಪಾಗಿದೆ. ಬಣ್ಣ ಯಾವುದಾದರೂ ಇರಲಿ, ಕೆಳಗೆ ಬರೆದಿರುವ ಸ್ಟಾಪ್ ಕೋಡ್, ಅಂದರೆ ದೋಷದ ಹೆಸರು, ಮುಖ್ಯ. ಅದು ಕೆಲವೇ ಕ್ಷಣ ಇದ್ದು ಮಾಯವಾಗುತ್ತದೆ, ಆದ್ದರಿಂದ ಮೊದಲೇ ಒಂದು ಸಣ್ಣ ಬದಲಾವಣೆ ಮಾಡಿಡಿ: ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಅಬೌಟ್ ತೆರೆದು, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ಒತ್ತಿ, ಸ್ಟಾರ್ಟಪ್ ಅಂಡ್ ರಿಕವರಿ ಎಂಬಲ್ಲಿರುವ “ಆಟೋಮ್ಯಾಟಿಕಲಿ ರೀಸ್ಟಾರ್ಟ್” ಗುರುತನ್ನು ತೆಗೆದುಬಿಡಿ. ಇನ್ನು ಮುಂದೆ ನೀವೇ ಪವರ್ ಬಟನ್ ಒತ್ತುವವರೆಗೆ ಪರದೆ ಹಾಗೆಯೇ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ರೌಸರಿನಲ್ಲಿ ಎದ್ದುಬಂದು, ಕೂಗುವ ದನಿಯೊಂದಿಗೆ “ಈ ಸಂಖ್ಯೆಗೆ ಕರೆ ಮಾಡಿ” ಎನ್ನುವ ಪರದೆ ದೋಷದ ಪರದೆಯಲ್ಲ, ವಂಚನೆ. ಮೈಕ್ರೋಸಾಫ್ಟಿನ ನಿಜವಾದ ದೋಷಸೂಚನೆಯಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಹಾಗೆ ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಂತ್ರ ತಾನೇ ಬರೆದುಕೊಂಡ ಲೆಕ್ಕ

ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ನೋಡಲು ವಿಂಡೋಸ್‌ನದೇ ಒಂದು ದಿನಚರಿ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ “ವ್ಯೂ ರಿಲಯಬಿಲಿಟಿ ಹಿಸ್ಟರಿ” ಸಿಗುತ್ತದೆ. ತೆರೆದರೆ ದಿನದಿನದ ಗೆರೆನಕ್ಷೆಯೊಂದು ಕಾಣುತ್ತದೆ. 1ರಿಂದ 10ರವರೆಗಿನ ಅಂಕದಲ್ಲಿ ಯಂತ್ರದ ಸ್ಥಿರತೆ, ಕೆಟ್ಟ ದಿನಗಳಲ್ಲಿ ಕೆಂಪು ಗುರುತು. ಒಂದು ಕೆಂಪು ಗುರುತಿನ ಮೇಲೆ ಒತ್ತಿ ಅದೇ ದಿನ ಅಥವಾ ಹಿಂದಿನ ದಿನ ಯಾವ ಅಪ್‌ಡೇಟ್, ಯಾವ ಪ್ರೋಗ್ರಾಮ್ ಸೇರಿದೆ ಎಂದು ನೋಡಿ. ನನ್ನ ಅನುಭವದಲ್ಲಿ ಸಾಮಾನ್ಯ ಬಳಕೆದಾರನಿಗೆ ಇದರಷ್ಟು ಉಪಯುಕ್ತವಾದ ಪುಟ ವಿಂಡೋಸ್‌ನಲ್ಲಿ ಮತ್ತೊಂದಿಲ್ಲ, ಆದರೂ ಇದರ ಹೆಸರು ಕೇಳಿದವರೇ ಕಡಿಮೆ.

ಇನ್ನಷ್ಟು ಆಳಕ್ಕೆ ಇಳಿಯುವವರು ವಿಂಡೋಸ್‌ನ ಘಟನಾವಳಿಯ ದಾಖಲೆಯಾದ ಈವೆಂಟ್ ವ್ಯೂವರ್ ತೆರೆಯುತ್ತಾರೆ. ಅಲ್ಲಿ ಕಾಣುವ “ಕರ್ನಲ್-ಪವರ್ 41” ಎಂಬ ಸಾಲನ್ನು ನೋಡಿ ಚಾರ್ಜರ್ ಕೆಟ್ಟಿದೆ ಎಂದು ನಿರ್ಧರಿಸುವವರು ಬಹಳ. ಆ ಸಾಲಿನ ಅರ್ಥ ಇಷ್ಟೇ: ಕಳೆದ ಸಲ ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ. ಕಾರಣವನ್ನು ಅದು ಹೇಳುವುದಿಲ್ಲ. “ವೀಯಾ ಲಾಗರ್” (WHEA-Logger) ಎಂಬ ಹೆಸರಿನ ಸಾಲುಗಳು ಮಾತ್ರ ಹಾಗಲ್ಲ. ಅವು ಪ್ರೊಸೆಸರ್, ಮೆಮೊರಿ ಮುಂತಾದ ಹಾರ್ಡ್‌ವೇರ್ ಭಾಗಗಳು ತಾವೇ ವರದಿ ಮಾಡಿದ ದೋಷಗಳು. ಮಾರಕ ದೋಷ ಎಂದು ನಮೂದಾದ ಅಂತಹ ಸಾಲು ಮತ್ತೆ ಮತ್ತೆ ಕಂಡರೆ ಫೋಟೋ ತೆಗೆದಿಟ್ಟುಕೊಂಡು ನೇರವಾಗಿ ವಾರಂಟಿಯ ದಾರಿ ಹಿಡಿಯಿರಿ.

ಸ್ಟಾಪ್ ಕೋಡುಗಳನ್ನು ಒಂದೊಂದಾಗಿ ನೋಡುವುದಕ್ಕಿಂತ ಸಾಲಾಗಿಟ್ಟು ನೋಡಬೇಕು. ಪ್ರತಿ ಸಲವೂ ಒಂದೇ ಕೋಡ್, ಜೊತೆಗೆ ಒಂದೇ ಡ್ರೈವರ್ ಕಡತದ ಹೆಸರು ಬರುತ್ತಿದ್ದರೆ ತಪ್ಪು ಆ ಡ್ರೈವರಿನದ್ದಾಗಿರುವ ಸಂಭವ ಹೆಚ್ಚು. “ವಿಡಿಯೋ ಟಿಡಿಆರ್ ಫೇಲ್ಯೂರ್” ಗ್ರಾಫಿಕ್ಸ್ ಕಡೆಗೆ ಬೆರಳು ತೋರಿಸುತ್ತದೆ, “ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್” ಮುಚ್ಚಳ ಮುಚ್ಚಿ ತೆರೆಯುವಾಗಿನ ತೊಂದರೆಗೆ, “ಕರ್ನಲ್ ಡೇಟಾ ಇನ್‌ಪೇಜ್ ಎರರ್” ಡಿಸ್ಕಿನ ಕಡೆಗೆ. ಆದರೆ ಪ್ರತಿ ಸಲ ಬೇರೆ ಬೇರೆ ಕೋಡ್, ಬೇರೆ ಬೇರೆ ಕಡತ, ಬೇರೆ ಬೇರೆ ಕೆಲಸದ ನಡುವೆ ನಿಲ್ಲುತ್ತಿದ್ದರೆ ಮೊದಲ ಸಂಶಯ ರ‍್ಯಾಮ್ ಮೇಲೆ ಬರಬೇಕು. ನನ್ನ ಸೊಸೆಯ ನೋಟ್‌ಬುಕ್ಕಿನಲ್ಲಿ ಹನ್ನೊಂದು ದಿನಗಳಲ್ಲಿ ಏಳು ಸಾಲುಗಳಾದವು, ಅವುಗಳಲ್ಲಿ ಐದು ಬೇರೆ ಬೇರೆ ಕೋಡುಗಳು. ಮನೆಯವರೆಲ್ಲ ಕರೆಂಟನ್ನು ಬೈಯುತ್ತಿದ್ದಾಗ ಆ ಹಾಳೆ ಬೇರೆಯದನ್ನೇ ಹೇಳುತ್ತಿತ್ತು.

ಮ್ಯಾಕ್‌ಬುಕ್‌ನಲ್ಲಿ ಯಂತ್ರ ಮತ್ತೆ ಶುರುವಾದಾಗ, ತೊಂದರೆಯಿಂದಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು ಎಂಬ ಸೂಚನೆಯೊಂದಿಗೆ ವರದಿ ತೆರೆಯುತ್ತದೆ. ಅದನ್ನು ಮುಚ್ಚದೆ ಉಳಿಸಿಕೊಳ್ಳಿ. ಆಪಲ್‌ನ ಸ್ವಂತ ಚಿಪ್ ಇರುವ ಯಂತ್ರಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದು, ಆಯ್ಕೆಗಳ ಪರದೆ ಬಂದ ಮೇಲೆ ಬೆರಳು ತೆಗೆದು, ಕಮಾಂಡ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡು ಒಂದು ಸಂಕೇತ ಕೊಡುತ್ತದೆ.

ನಮ್ಮ ಬಿಸಿಲು, ನಮ್ಮ ಕರೆಂಟು

ಲ್ಯಾಪ್‌ಟಾಪ್‌ಗಳ ತಾಂತ್ರಿಕ ವಿವರಗಳ ಪುಟದಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ: ಕೆಲಸ ಮಾಡುವ ಉಷ್ಣಾಂಶ. ಆಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ ಅದನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ನಮೂದಿಸುತ್ತದೆ. ಇತರ ಅನೇಕ ತಯಾರಕರ ಮೇಲ್ಮಿತಿಯೂ ಅದೇ 35ರ ಆಸುಪಾಸಿನಲ್ಲಿದೆ. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ತಗಡಿನ ಮಾಡಿನ ಕೋಣೆಯೊಳಗೆ ಅದಕ್ಕಿಂತಲೂ ಹೆಚ್ಚು. ತಯಾರಕರು ಹೇಳಿದ ಮಿತಿಯ ಹೊರಗೆ ನಾವು ವರ್ಷಕ್ಕೆ ಎರಡು-ಮೂರು ತಿಂಗಳು ಯಂತ್ರವನ್ನು ದುಡಿಸುತ್ತೇವೆ ಎಂದಾಯಿತು.

ಹಾಗೆಂದು ಎಲ್ಲ ದೋಷವನ್ನೂ ಬಿಸಿಲಿನ ತಲೆಗೆ ಕಟ್ಟಬಾರದು. ಈಗಿನ ಪ್ರೊಸೆಸರ್‌ಗಳು ಭಾರದ ಕೆಲಸದಲ್ಲಿ 95ರಿಂದ 100 ಡಿಗ್ರಿಯವರೆಗೆ ಕಾಯುವುದು ವಿನ್ಯಾಸದಲ್ಲಿಯೇ ಇರುವ ಸಂಗತಿ. ಕಾವು ಏರಿದಂತೆ ಅವು ಮೊದಲು ತಮ್ಮ ವೇಗವನ್ನು ಇಳಿಸಿಕೊಳ್ಳುತ್ತವೆ, ಅದೂ ಸಾಲದಿದ್ದಾಗ ಮಾತ್ರ ಯಂತ್ರ ತಟ್ಟನೆ ಆರುತ್ತದೆ. ಕಾವೇ ಕಾರಣವೋ ಅಲ್ಲವೋ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಯಾವ ಕೆಲಸ ಮಾಡುವಾಗ ಯಂತ್ರ ನಿಲ್ಲುತ್ತದೆಯೋ ಅದೇ ಕೆಲಸವನ್ನು ಬೆಳಗಿನ ಐದೂವರೆಗೆ, ಕೋಣೆ ತಂಪಾಗಿದ್ದಾಗ, ಎರಡು ಗಂಟೆ ಮಾಡಿ. ಮತ್ತೆ ಅದನ್ನೇ ಮಧ್ಯಾಹ್ನ ಮೂರಕ್ಕೆ ಮಾಡಿ. ಮೂರ್ನಾಲ್ಕು ದಿನ ಹೀಗೆ ಮಾಡಿ ಬರೆದರೆ ಉತ್ತರ ಹಾಳೆಯ ಮೇಲೆಯೇ ಕಾಣುತ್ತದೆ. ಬೆಳಗಿನ ತಂಪಿನಲ್ಲಿಯೂ ಅಷ್ಟೇ ಸಲ ನಿಂತರೆ ಕಾವನ್ನು ಬಿಟ್ಟು ಮುಂದೆ ಹೋಗಿ.

ಹಾಸಿಗೆಯ ಮೇಲೆ, ಕೌದಿಯ ಮೇಲೆ ಇಟ್ಟರೆ ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಶಹಾಬಾದ್ ಹಾಸುಗಲ್ಲಿನ ತಂಪು ನೆಲದ ಮೇಲಿಡುವುದು ಒಳ್ಳೆಯದೆಂದು ತೋರುತ್ತದೆ, ಆದರೆ ನೆಲದ ಧೂಳನ್ನೆಲ್ಲ ಫ್ಯಾನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಗಟ್ಟಿ ಮೇಜಿನ ಮೇಲೆ, ಹಿಂಭಾಗವನ್ನು ಒಂದಿಷ್ಟು ಎತ್ತರಿಸಿ ಇಡುವುದು ಉತ್ತಮ. ನೀರಿನ ಕೂಲರಿನ ಗಾಳಿ ಕೋಣೆಗೆ ಬರಲಿ, ನೇರವಾಗಿ ಲ್ಯಾಪ್‌ಟಾಪ್ ಮೇಲೆ ಬೀಳುವುದು ಬೇಡ, ಅದು ತೇವದ ಗಾಳಿ. ಮುಚ್ಚಳ ಮುಚ್ಚಿದೊಡನೆ ಚೀಲಕ್ಕೆ ತುರುಕುವ ಅಭ್ಯಾಸವನ್ನೂ ಬಿಡಬೇಕು. ಹೊಸ ಲ್ಯಾಪ್‌ಟಾಪ್‌ಗಳು ನಿದ್ರಾಸ್ಥಿತಿಯಲ್ಲಿಯೂ ಅರ್ಧ ಎಚ್ಚರವಾಗಿದ್ದು ಚೀಲದೊಳಗೇ ಕಾಯುತ್ತವೆ. ಬೆಂಗಳೂರಿನ ರೈಲು ಹತ್ತುವ ಮುನ್ನ ಪೂರ್ತಿ ಶಟ್‌ಡೌನ್ ಮಾಡಿ.

ಕರೆಂಟಿನ ವಿಷಯವನ್ನು ಎರಡು ದಿನಗಳಲ್ಲಿ ತೀರ್ಮಾನಿಸಬಹುದು. ಲ್ಯಾಪ್‌ಟಾಪ್ ಅಡಾಪ್ಟರ್‌ಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಒಳಗೆ ಬ್ಯಾಟರಿಯೂ ಇರುತ್ತದೆ. ಹೀಗಾಗಿ ಸಾಮಾನ್ಯ ವೋಲ್ಟೇಜ್ ಏರಿಳಿತಕ್ಕೆ ಯಂತ್ರ ಬಂದ್ ಬೀಳಬಾರದು. ಚಾರ್ಜರ್ ಬಿಚ್ಚಿ ಬರೀ ಬ್ಯಾಟರಿಯ ಮೇಲೆ ಕೆಲಸ ಮಾಡಿ, ಬೇರೆ ಹೊತ್ತಿನಲ್ಲಿ ಆಫ್ ಮಾಡಿಟ್ಟು ಚಾರ್ಜ್ ಮಾಡಿ. ಆಗಲೂ ನಿಂತರೆ ಗೋಡೆಯ ಕರೆಂಟು ನಿರಪರಾಧಿ. ಚಾರ್ಜರ್ ಹಚ್ಚಿದಾಗ ಮಾತ್ರ ನಿಂತರೆ ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಪ್ಲಗ್ಗಿಗೆ ಹಚ್ಚಿ ನೋಡಿ, ಮೊಬೈಲಿನ ಚಾರ್ಜರ್ ಬಳಸುತ್ತಿದ್ದರೆ ನಿಲ್ಲಿಸಿ, ಜೊತೆಗೆ ಬಂದ ಅಡಾಪ್ಟರಿನ ವ್ಯಾಟ್ ಎಷ್ಟೆಂದು ನೋಡಿ ಬರೆದುಕೊಳ್ಳಿ. ಲೋಹದ ಮೈ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದು, ಚಾರ್ಜ್ ಆಗುವಾಗ ಟಚ್‌ಪ್ಯಾಡ್ ಹುಚ್ಚಾಪಟ್ಟೆ ಓಡುವುದು ಬಹುತೇಕ ಮನೆಯ ಅರ್ಥಿಂಗ್ ಸರಿಯಿಲ್ಲದ ಲಕ್ಷಣ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಪೂರ್ತಿ ಒಣಗಿದಾಗ ಇದು ಹೆಚ್ಚುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸುವುದು ಇಡೀ ಮನೆಯ ಸುರಕ್ಷತೆಗೇ ಬೇಕಾದದ್ದು.

ಸಾಫ್ಟ್‌ವೇರ್ ಎಂದು ಖಚಿತವಾಗುವುದು ಯಾವಾಗ

ಹೊಸದಾಗಿ ಸೇರಿಸಿದ್ದನ್ನು ಮೊದಲು ತೆಗೆಯಿರಿ. ಯಂತ್ರದೊಂದಿಗೆ ಬಂದ ಆಂಟಿವೈರಸ್ ಒಂದಿದ್ದು, ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟಿದ್ದರೆ ಎರಡರಲ್ಲಿ ಒಂದನ್ನಾದರೂ ಕಿತ್ತುಹಾಕಿ. ರಕ್ಷಣೆಯ ಸಾಫ್ಟ್‌ವೇರ್ ವಿಂಡೋಸ್‌ನ ಒಳಪದರದಲ್ಲಿ ಕೆಲಸ ಮಾಡುವುದರಿಂದ ಅದರ ತಪ್ಪು ಇಡೀ ಯಂತ್ರವನ್ನು ಬೀಳಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದೇ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಆ ಯಂತ್ರಗಳ ಹಾರ್ಡ್‌ವೇರಿನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಬಳಿಕ ತಯಾರಕರ ವೆಬ್‌ಸೈಟಿನಿಂದ, ನಿಮ್ಮ ಮಾದರಿಯ ಸಂಖ್ಯೆಗೇ ಇರುವ ಬಯೋಸ್, ಚಿಪ್‌ಸೆಟ್ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳನ್ನು ಹಾಕಿಕೊಳ್ಳಿ. ಯಂತ್ರ ಹೊಸದು, ಅಪ್‌ಡೇಟ್ ಏಕೆ ಎಂದುಕೊಳ್ಳಬಾರದು. ಪೆಟ್ಟಿಗೆಯಲ್ಲಿ ಬಂದ ಬಯೋಸ್ ಕಾರ್ಖಾನೆ ಬಿಟ್ಟ ದಿನದ್ದು. ಇಂಟೆಲ್ 2024ರಲ್ಲಿ ತನ್ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆ ಎಂದು ಒಪ್ಪಿಕೊಂಡಾಗ ಅದಕ್ಕೆ ಪರಿಹಾರ ಬಂದದ್ದು ಬಯೋಸ್ ಅಪ್‌ಡೇಟಿನ ರೂಪದಲ್ಲಿಯೇ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಲಾಯಿತು. ಬಯೋಸ್ ಅಪ್‌ಡೇಟ್ ನಡೆಯುವಾಗ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಚ್ಚಿರಲಿ, ಪವರ್ ಬಟನ್ ಹತ್ತಿರ ಕೈ ಹೋಗದಿರಲಿ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಹೊಸದು ಮಾಡುತ್ತೇವೆ ಎನ್ನುವ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನ ಆವೃತ್ತಿಗೆ ಮರಳಿಸಿ.

ಇಷ್ಟಾದರೂ ನಿಂತರೆ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ ಇದು: ವಿಂಡೋಸ್‌ನಂತಹದೇ ಇನ್ನೊಂದು ಉಚಿತ ವ್ಯವಸ್ಥೆಯಾದ ಉಬುಂಟುವನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಲ್ಯಾಪ್‌ಟಾಪನ್ನು ಅದರಿಂದಲೇ ಶುರು ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ “ಟ್ರೈ” ಎಂಬ ಆಯ್ಕೆಯಲ್ಲಿ ಮೂರ್ನಾಲ್ಕು ಗಂಟೆ ಬಳಸಿ. ನಿಮ್ಮ ವಿಂಡೋಸ್ ಆಗ ಮಲಗಿಯೇ ಇರುತ್ತದೆ. ಆದರೂ ಯಂತ್ರ ನಿಂತರೆ “ಇದು ಸಾಫ್ಟ್‌ವೇರ್ ತೊಂದರೆ” ಎಂದು ಹೇಳುವುದು ಯಾರಿಗೂ ಸುಲಭವಾಗದು. ಅಲ್ಲಿ ದಿನವಿಡೀ ಚೆನ್ನಾಗಿ ನಡೆದು ವಿಂಡೋಸ್‌ನಲ್ಲಿ ಮಾತ್ರ ನಿಂತರೆ, ಕಡತಗಳು ಹೊರಗಿರುವುದರಿಂದ, ಒಮ್ಮೆ ವಿಂಡೋಸನ್ನು ರಿಸೆಟ್ ಮಾಡಿ ನೋಡುವುದರಲ್ಲಿ ತಪ್ಪಿಲ್ಲ.

ರ‍್ಯಾಮ್ ಪರೀಕ್ಷೆಗೆ ರಾತ್ರಿಯನ್ನು ಬಳಸಿಕೊಳ್ಳಿ. ಮೆಮ್‌ಟೆಸ್ಟ್86 ಎಂಬ ಸಾಧನದ ಉಚಿತ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಶುರು ಮಾಡಿದರೆ ಅದು ನಾಲ್ಕು ಸುತ್ತು ಪರೀಕ್ಷೆ ಮಾಡುತ್ತದೆ. ದೋಷಗಳ ಸಂಖ್ಯೆ ಸೊನ್ನೆಯಾಗಿರಬೇಕು. ಒಂದಿದ್ದರೂ ಮೊದಲ ಆರೋಪಿ ರ‍್ಯಾಮ್. ಸೊಸೆಯ ಯಂತ್ರ ಮೊದಲ ಸುತ್ತನ್ನು ದಾಟಿತು. ನಾವು ಹಾಗೆಯೇ ಬಿಟ್ಟು ಮಲಗಿದೆವು. ನಸುಕಿನಲ್ಲಿ ಎದ್ದು ನೋಡಿದಾಗ ಪರದೆಯ ಮೇಲೆ ಮೂರನೆಯ ಸುತ್ತು ನಡೆಯುತ್ತಿತ್ತು, ದೋಷಗಳ ಜಾಗದಲ್ಲಿ 14 ಎಂಬ ಕೆಂಪು ಅಂಕಿ. ಅವಳು ಅಳಲಿಲ್ಲ, ನಕ್ಕಳು; ತಪ್ಪು ತನ್ನದಲ್ಲ ಎಂದು ಆಗ ತಿಳಿಯಿತು. ಅಂಗಡಿಯಲ್ಲಿ ಹೆಚ್ಚುವರಿ ರ‍್ಯಾಮ್ ಹಾಕಿಸಿದ್ದರೆ ಮೊದಲು ಆ ಪಟ್ಟಿಯನ್ನು ತೆಗೆಸಿ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಹೊಂದದ ಎರಡು ಪಟ್ಟಿಗಳು ಬೇರೆ ಬೇರೆಯಾಗಿ ಚೆನ್ನಾಗಿದ್ದು ಒಟ್ಟಿಗೆ ಕೆಡುವುದುಂಟು. ತೆಳುವಾದ ದುಬಾರಿ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ರ‍್ಯಾಮ್ ಕೆಟ್ಟರೆ ಇಡೀ ಮದರ್‌ಬೋರ್ಡ್ ಬದಲಾಗಬೇಕು. ಅಂತಹ ಯಂತ್ರವನ್ನು ಓಣಿಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಡಿಸ್ಕಿನ ಪರೀಕ್ಷೆ ಸುಲಭ: ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದಾಗ “ಗುಡ್” ಎಂದು ಕಾಣದೆ “ಕಾಶನ್” ಅಥವಾ “ಬ್ಯಾಡ್” ಎಂದು ಕಂಡರೆ ಅದರ ಫೋಟೋ ತೆಗೆದಿಡಿ.

ಸರ್ವಿಸ್ ಸೆಂಟರಿನ ಮೇಜಿನ ಮುಂದೆ

ಬಾಯಿಮಾತಿನ ದೂರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹೋಗುವ ಮೊದಲೇ ತಯಾರಕರಿಗೆ ಇ-ಮೇಲ್ ಕಳಿಸಿ, ದೂರಿನ ಸಂಖ್ಯೆ ಪಡೆಯಿರಿ. ಯಂತ್ರ ಒಪ್ಪಿಸುವಾಗ ಕೊಡುವ ಜಾಬ್ ಶೀಟಿನಲ್ಲಿ “ಸ್ಲೋ ಇದೆ”, “ಹ್ಯಾಂಗ್ ಆಗುತ್ತದೆ” ಎಂದಷ್ಟೇ ಬರೆಯಲು ಬಿಡಬೇಡಿ. “11 ದಿನಗಳಲ್ಲಿ 7 ಸಲ ದೋಷದ ಪರದೆಯೊಂದಿಗೆ ನಿಂತಿದೆ, ರ‍್ಯಾಮ್ ಪರೀಕ್ಷೆಯಲ್ಲಿ ದೋಷ ಕಂಡಿದೆ, ಫೋಟೋ ಲಗತ್ತಿಸಿದೆ” ಎಂದು ಅವರ ಕೈಯಿಂದಲೇ ಬರೆಸಿ, ಸೀರಿಯಲ್ ಸಂಖ್ಯೆ, ತಾರೀಖು, ಮೈಮೇಲೆ ಗೀರುಗಳಿದ್ದರೆ ಅವೂ ನಮೂದಾಗಿವೆಯೇ ನೋಡಿ ಪ್ರತಿಯ ಫೋಟೋ ತೆಗೆದುಕೊಳ್ಳಿ. ನಿಮ್ಮ ಸ್ವಂತ ಪಾಸ್‌ವರ್ಡ್ ಕೊಡಬೇಡಿ. ಪರೀಕ್ಷೆಗೆಂದೇ ಬೇರೆ ಖಾತೆ ಮಾಡಿಕೊಡಿ.

ಸೊಸೆಯ ವಿಷಯದಲ್ಲಿ ನೋಟ್‌ಬುಕ್ ಶುರುವಾಗುವ ಮೊದಲು ಒಮ್ಮೆ, ಆಮೇಲೆ ಒಮ್ಮೆ, ಒಟ್ಟು ಎರಡು ಸಲ ವಿಂಡೋಸನ್ನು ಹೊಸದಾಗಿ ಹಾಕಿ “ಸರಿಯಾಗಿದೆ” ಎಂದು ಹಿಂದಕ್ಕೆ ಕೊಟ್ಟರು. ಮೂರನೆಯ ಸಲ ಅವಳು ಮೇಜಿನ ಮೇಲೆ ಆ ಲ್ಯಾಬ್ ರೆಕಾರ್ಡನ್ನು ತೆರೆದಿಟ್ಟು, ಮೊಬೈಲಿನಲ್ಲಿದ್ದ 14ರ ಫೋಟೋವನ್ನು ತೋರಿಸಿದಳು. ಅಲ್ಲಿದ್ದ ತಂತ್ರಜ್ಞ ಎರಡು ಹಾಳೆ ತಿರುವಿ ನೋಡಿ, “ಮೊದಲೇ ಇದನ್ನ ತಂದಿದ್ರ ಚೊಲೊ ಇತ್ತಮ್ಮ” ಎಂದು ಬೋರ್ಡಿಗೆ ಬೇಡಿಕೆ ಬರೆದರು. ಒಂಬತ್ತು ದಿನಗಳಲ್ಲಿ ಮದರ್‌ಬೋರ್ಡ್ ಬದಲಾಯಿತು.

ಯಂತ್ರ ಹಿಂದಿರುಗಿದ ಮೇಲೆ ಅದೇ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿ, ಫಲಿತಾಂಶವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೋರ್ಡ್ ಬದಲಾಗಿದ್ದರೆ ಬಯೋಸ್‌ನಲ್ಲಿ ಕಾಣುವ ಸೀರಿಯಲ್ ಸಂಖ್ಯೆ ತಳದಲ್ಲಿರುವುದಕ್ಕೆ ಹೊಂದುತ್ತದೆಯೇ, ವಿಂಡೋಸ್ ಆಕ್ಟಿವೇಟ್ ಆಗಿದೆಯೇ ಎಂದೂ ನೋಡಿಕೊಳ್ಳಬೇಕು. “ದೋಷ ಕಂಡುಬಂದಿಲ್ಲ” ಎಂದು ಹಿಂದಿರುಗಿಸಿದರೆ ಅದನ್ನೂ ಬರಹದಲ್ಲಿಯೇ ಪಡೆಯಿರಿ.

ಆಯೋಗದ ಬಾಗಿಲು

ಮೂರು-ನಾಲ್ಕು ಸಲ ರಿಪೇರಿಯಾದರೂ ಅದೇ ದೋಷ ಮರುಕಳಿಸಿದರೆ ಬದಲಿ ಅಥವಾ ಹಣ ವಾಪಸು ಕೇಳುವ ಹಕ್ಕು ನಿಮಗಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಆನ್‌ಲೈನ್ ಖರೀದಿಯಾಗಿದ್ದರೆ ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ; 2020ರ ಇ-ಕಾಮರ್ಸ್ ನಿಯಮಗಳಂತೆ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದರೆ ಮಾರಿದವರಿಗೂ ತಯಾರಕರಿಗೂ ಸ್ಪೀಡ್ ಪೋಸ್ಟ್ ಮೂಲಕ ನೋಟಿಸ್ ಕಳಿಸಿ, ರಸೀದಿಯನ್ನು ಕಾಯ್ದಿಡಿ.

ಮುಂದಿನದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾದ ಮೇಲೆ ಗ್ರಾಹಕನು ತಾನು ವಾಸಿಸುವ ಊರಿನ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವನು ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ಅಲ್ಲಿಗೆ ಹೋಗಬೇಕಾಗಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಗಡುವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿನ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ ನಡೆಸುವವರು ಒಂದು ವಿಷಯ ಗಮನಿಸಬೇಕು: ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡಿದ್ದರೆ ಪರಿಗಣಿಸುತ್ತದೆ. ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಬೇಕು.

ಬಿಲ್, ವಾರಂಟಿ ಪತ್ರ, ಎಲ್ಲ ಜಾಬ್ ಶೀಟುಗಳು, ಇ-ಮೇಲ್‌ಗಳು, ದೋಷದ ಪರದೆಗಳ ಫೋಟೋಗಳು, ನೋಟ್‌ಬುಕ್ಕಿನ ಹಾಳೆಗಳು, ಇವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಪುಟಸಂಖ್ಯೆ ಹಾಕಿ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದು ಎಂದು ಕಂಡರೆ ಆಯೋಗವು ಕಾಯ್ದೆಯ 38ನೆಯ ಕಲಮಿನಂತೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ 45 ದಿನಗಳೊಳಗೆ ವರದಿ ಕೇಳಬಹುದು. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಠೇವಣಿ ಇಡಬೇಕಾಗುತ್ತದೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಯಾವ ಸ್ಥಿತಿಯಲ್ಲಿದೆ ಎಂಬುದೇ ನಿರ್ಣಾಯಕ. ಆದ್ದರಿಂದ ದೂರು ಕೊಡಲು ನಿರ್ಧರಿಸಿದ ದಿನದಿಂದ ಯಂತ್ರದ ಒಂದು ಸ್ಕ್ರೂ ಕೂಡ ಬಿಚ್ಚಿಸದೆ, ಚಾರ್ಜರ್ ಮತ್ತು ಮೂಲ ಪೆಟ್ಟಿಗೆಯ ಸಮೇತ ಎತ್ತಿಡಿ.